ತೇಗು

ಜೀಲಾಂಗಿನಲ್ಲಿ ಜನವರಿ; ಬೆಳಗಿನ ಏಳಕ್ಕೇ ಸೆಕೆ.
ಕಾರಿನಡಿ ನಾನು, ಅಂಗಾತ,
ಬಾಯಲ್ಲಿ ಟಾರ್ಚು.

"ತಣ್ಣಗಾಗಿದೆಯಾ?" ಬೇಲಿಯಾಚೆಯಿಂದ ಡ್ರಾಗೊ.
ರಾತ್ರಿಯಿಡೀ ನಿಂತ ಕಾರು, ಮಾರಾಯ.
"ಆದರೂ ಮುಟ್ಟಿ ನೋಡು."
ಅವನ ಎಡಗೈ ಮೇಲೆ, ನಲವತ್ತು ವರ್ಷದ ಹಿಂದೆ
ಅವಸರದಲ್ಲಿ ತೆರೆದ ಒಂದು ಮುಚ್ಚಳ
ಇನ್ನೂ ಗುಲಾಬಿ.

ತಿರುಪು ಸಡಿಲಿಸಿದೆ.
ಹಸಿರೆಂದು ಕೊಂಡಿದ್ದು ತುಕ್ಕಿನ ಕಷಾಯವಾಗಿ
ಗಳಗಳ ಇಳಿಯಿತು,
ಅರ್ಧ ಬೋಗುಣಿಗೆ, ಅರ್ಧ ನನ್ನ ಕಿವಿಗೆ.
ಸಿಹಿ ವಾಸನೆ. ಅವನ ಬೆಕ್ಕು ಮೂಸುತ್ತ ಬಂತು.
ಹುಶ್! ಪಾನಕವಲ್ಲ ಇದು, ಪ್ರಾಣ ಹೋದೀತು,
ಕನ್ನಡದಲ್ಲೇ ಗದರಿದೆ.
ಕ್ರೊಯೇಷಿಯನ್ ಬೆಕ್ಕಿಗೆ ಅರ್ಥವಾಯಿತು.

ಹೊಸದನ್ನು ಸಮಸಮ ನೀರು ಬೆರೆಸಿ ಹೊಯ್ದೆ.
"ಎಂಜಿನ್ ಶುರು ಮಾಡು. ಹೀಟರು ಪೂರ್ತಿ ತಿರುಗಿಸು."
ಈ ಸೆಕೆಯಲ್ಲಾ?
"ಈ ಸೆಕೆಯಲ್ಲೇ."
ಮುಚ್ಚಳ ತೆರೆದಿಟ್ಟು ಬೆವರುತ್ತ ನಿಂತೆವು ಇಬ್ಬರೂ,
ಹಾಲು ಕುಡಿದ ಮಗುವನ್ನು
ಹೆಗಲಿಗೆ ಹಾಕಿಕೊಂಡವರ ಹಾಗೆ,
ಮಾತಿಲ್ಲದೆ.

ಬುಳುಕ್.
ಬಹಳ ಹೊತ್ತಿನ ಮೇಲೆ
ಇನ್ನೊಂದು.

"ಬಂತು," ಎಂದ ಡ್ರಾಗೊ,
ಮಡ್‌ಗಾರ್ಡಿನ ಬೆನ್ನು ತಟ್ಟಿ, ಆ ಎಡಗೈಯಿಂದಲೇ.
ಮಟ್ಟ ಒಂದು ಬೆರಳು ಇಳಿದಿತ್ತು.
ಎರೆದೆ.