ಹನ್ನೆರಡು ವೋಲ್ಟು

ಮತ್ತೆ ಸತ್ತಿತು. ಪರದೆಯಲ್ಲಿ ಬತೂಮಿಯ ಹುಡುಗ
ಕುದುರೆ ಎತ್ತಿದ ಕೈಯಲ್ಲೇ ಕಲ್ಲಾದ.
ರುಸ್ತಾವಿಯ ನಾಲ್ಕನೆಯ ಮಹಡಿಯ ಚದುರಂಗದ ಮೇಡಂ
ತ್ಸಿಯಾಲಾ, ಕಂಪನಿಯವನು ಹೇಳಿದ್ದೆಲ್ಲ ಮಾಡಿದ್ದಾಳೆ:
ಪಿನ್ನು ಚುಚ್ಚಿ ಹತ್ತೆಣಿಸಿ, ಬೆನ್ನಿನ ಧೂಳು ಊದಿ,
ಕಾವೇರದಿರಲೆಂದು ರೌಟರನ್ನು
ನಾಲ್ಕು ಮರದಾನೆಗಳ ಮೇಲೆ ಕೂರಿಸಿ.

ಕೊನೆಗೆ, ನಿದ್ದೆ ಬಾರದವಳು,
ನಡೆ ಬರೆವಂತೆ ಸಾವು ಬರೆದಳು:
ನಸುಕು ಮೂರೂ ಐವತ್ತು.
ಮಧ್ಯಾಹ್ನ ಒಂದೂಕಾಲು.
ಮೂರೂ ಐವತ್ತೆರಡು.
ಮಂಗಳವಾರ ಏನಿಲ್ಲ.

ಪಕ್ಕದ ಮನೆಯ ಲಾಮಾರಾ ಪುಟ ತಿರುವಿ ನಕ್ಕಳು:
"ಲಿಫ್ಟು ಕಣೇ. ಎಂಟನೆಯ ಮಹಡಿಯ ವಾಝಾ,
ರೊಟ್ಟಿಯೊಲೆ ಹೊತ್ತಿಸುವವನು. ಮಂಗಳವಾರ ರಜೆ."
ಅವನು ನಾಣ್ಯ ಹಾಕಿದರೆ ಮೋಟಾರು ಜಗ್ಗುತ್ತದೆ,
ಕರೆಂಟು ಒಂದು ಗುಟುಕು ಕುಸಿಯುತ್ತದೆ,
ಬಡಕಲು ಅಡಾಪ್ಟರಿಗೆ ಅಷ್ಟು ಸಾಕು.
ಮೂರು ವಾರ, ಮುಖ ನೆಟ್ಟಗೆ ನೋಡಿರದವನ ದಿನಚರಿ
ಅವಳದೇ ಕೈಬರಹದಲ್ಲಿ.

ಹೊಸ ಅಡಾಪ್ಟರು ಬಂತು. ಹನ್ನೆರಡು ವೋಲ್ಟು, ಗಟ್ಟಿ.
ಹುಡುಗನ ಕುದುರೆ ನೆಗೆಯಿತು, ಅವಳ ಮಂತ್ರಿಯೂ ಹೋಯಿತು.

ಈಗ ನಸುಕು. ಎಚ್ಚರ.
ಲಿಫ್ಟಿನ ಸದ್ದು ಈ ಕೋಣೆಗೆ ಮುಟ್ಟದು.
ದೀಪ ಹಸಿರು, ಹಸಿರೇ.
ಕೆಲಸಕ್ಕೆ ಹೋದನೋ, ಜ್ವರವೋ, ಯಾರಿಗೆ ಗೊತ್ತು.
ಹಳೆಯ ಅಡಾಪ್ಟರು ಡ್ರಾಯರಿನಲ್ಲಿದೆ.
ಬಿಸಾಡಿಲ್ಲ.