ಪಾರಸಿಕ್ ಸುರಂಗಕ್ಕೆ ಮೊದಲು

ಡೊಂಬಿವಲಿಯ ಏಳು ಐವತ್ತೆರಡರ ಫಾಸ್ಟು.
ಒಂದು ಕೈ ಹಿಡಿಕೆಗೆ, ಒಂದು ಕೈ ಫೋನಿಗೆ,
ಚೀಲ ಯಾರದೋ ಮಡಿಲಿಗೆ.
‘ಮಾನ್ಯ ಸಂಪಾದಕರೇ’ ಎಂದು ಬರೆದು ಅಳಿಸುತ್ತೇನೆ.
ಉಚ್ಚಿಲ್ ಮೇಡಂ, ನಮಸ್ಕಾರ.

ಮೊದಲ ಸಲ ಹೀಗಿರಲಿಲ್ಲ.
ಮೂರು ಸಾವಿರ ಪದ: ‘ಮಹಿಳೆ ಮತ್ತು ಮಹಾನಗರ’.
ಬಾಲಂಗೋಚಿಯಾಗಿ ನನ್ನ ಪರಿಚಯ –
ಹುಟ್ಟಿದ್ದು ಬೈಂದೂರು, ಓದಿದ್ದು ಬಿ.ಕಾಂ.,
ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದ ಸ್ಟೀಲ್ ಡಬ್ಬಿಯ ಸಮೇತ.
ಏಳು ಪತ್ರಿಕೆಗೆ ಒಂದೇ ಏಟಿಗೆ ಕಳಿಸಿದ್ದೆ.
ವಿಳಾಸಗಳೆಲ್ಲ ಮೇಲೆ ಸಾಲಾಗಿ ಕಾಣುತ್ತಿದ್ದವು,
ಒಂದೇ ಹೆಣ್ಣು ನೋಡಲು ಒಂದೇ ಹೊತ್ತಿಗೆ ಬಂದು
ಜಗಲಿಯಲ್ಲಿ ಮುಖಾಮುಖಿಯಾದ ಏಳು ಗಂಡುಗಳ ಹಾಗೆ.

ಉತ್ತರ ಬಂದದ್ದು ಒಬ್ಬರಿಂದ, ಒಂದು ಸಾಲು:
‘ಇದರಲ್ಲಿ ನೀವು ಕಣ್ಣಾರೆ ಕಂಡದ್ದು ಯಾವುದು?’

ಮಸ್ಜಿದ್ ಬಂದರಿನ ಆಫೀಸಿನಲ್ಲಿ
ಲಾರಿ ಬಾಡಿಗೆಯ ಬಿಲ್ಲು ಕೂಡಿಸುತ್ತ
ಒಂದು ವಾರ ಸಿಟ್ಟಾಗಿದ್ದೆ.
ಆಮೇಲೆ ಹುಡುಕಿದೆ.
ಕಂಡದ್ದು ಹತ್ತೊಂಬತ್ತೇ ಪದ:
ಕ್ಲಿಪ್ಪು ಮಾರುವ ಶೇವಂತಾ,
ಎರಡು ಕಂಸಗಳ ನಡುವೆ ಸಿಕ್ಕಿಕೊಂಡವಳು.

ಈಗವಳು ಎರಡು ಸೀಟು ಆಚೆ ನಿಂತಿದ್ದಾಳೆ.
ಪೆಟ್ಟಿಗೆ ಪೂರ್ತಿ ಬಿಚ್ಚುವುದಿಲ್ಲ.
ಒಂದೇ ಕ್ಲಿಪ್ಪು, ಬೆಳಕಿಗೆ ಎತ್ತಿ ಹಿಡಿಯುತ್ತಾಳೆ.
ತಲೆ ಅಲ್ಲಾಡಿದರೆ ಮುಂದಿನ ಸಾಲಿಗೆ,
ಯಾಕೆ ಬೇಡ ಎಂದು ಕೇಳಿದ್ದು ನಾನು ಕಾಣೆ.
ನಾಳೆ ಅದೇ ತಲೆಯ ಮುಂದೆ
ಬೇರೆ ಬಣ್ಣ ಹಿಡಿದು ಮತ್ತೆ.

ಬರೆಯುತ್ತೇನೆ:
ಇವಳಿಗೆ ಸಾಲದ ಪುಸ್ತಕವಿಲ್ಲ,
ಜಡೆ ನೋಡಿ ಬಾಕಿ ನೆನಪಿಡುತ್ತಾಳೆ.
ಕತ್ತರಿಸಿಕೊಂಡವರೂ ತಪ್ಪಿಸಿಕೊಂಡಿಲ್ಲ.
ಪರೇಲಿನ ಆಸ್ಪತ್ರೆಗೆ ಹೋಗುವ
ತಲೆಗೆ ವಸ್ತ್ರ ಕಟ್ಟಿದ ಒಬ್ಬಾಕೆಯ ಲೆಕ್ಕ ಮಾತ್ರ
ಅವಳಿಗೆ ಮರೆತುಹೋಗಿದೆಯಂತೆ.
ಎಂಟುನೂರು ಪದ. ಬರುವ ಸೋಮವಾರ.
ಬೇರೆಲ್ಲೂ ಕಳಿಸಿಲ್ಲ.
ಅವಳನ್ನು ಕೇಳಿದ್ದೇನೆ: ಹೆಸರು ಹಾಕು ಅಂದಳು,
ಗಾಡಿಯ ಟೈಮು ಹಾಕಬೇಡ, ಪೊಲೀಸರಿದ್ದಾರೆ.

ಇನ್ನೊಂದು ಸಾಲು ಉಳಿದಿದೆ.
ಸಂಭಾವನೆ ಎಷ್ಟು ಎಂದು ಬರೆದು ಅಳಿಸಿ,
ದಯವಿಟ್ಟು ಸೇರಿಸಿ, ಮತ್ತೆ ಅಳಿಸಿ,
ಕನ್ನಡಸೇವೆ ಅಂದುಕೊಂಡು ಸುಮ್ಮನಾಗುವಷ್ಟರಲ್ಲಿ
‘ದಹಾಲಾ ದೋನ್! ದಹಾಲಾ ದೋನ್!’
ಡಬ್ಬಿಗೆ ಡಬ್ಬಿಯೇ ಕೇಳುವಂತೆ, ನಾಚಿಕೆಯಿಲ್ಲದೆ.

ಬರೆದೆ. ಎಷ್ಟು ಕೊಡುತ್ತೀರಿ, ಯಾವಾಗ.
ಒತ್ತಿದೆ.

ಅಷ್ಟರಲ್ಲಿ ಸುರಂಗ.
ಪರದೆಯ ಮೇಲೊಂದು ಚಕ್ರ ತಿರುಗುತ್ತಿದೆ,
ಕಿಟಕಿಯಲ್ಲಿ ನಮ್ಮದೇ ಮುಖಗಳು,
ಬೆವರು, ಮಲ್ಲಿಗೆ, ಯಾರದೋ ಡಬ್ಬಿಯ ಬೆಳ್ಳುಳ್ಳಿ ಚಟ್ನಿ.
ಕತ್ತಲಲ್ಲಿ ನನ್ನ ವಾಕ್ಯಗಳು ಒಂದೊಂದಾಗಿ
ತಪ್ಪೆನಿಸತೊಡಗುತ್ತವೆ. ಕೈಮೀರಿದೆ.

ಬೆಳಕು ಬಂದಾಗ ಶೇವಂತಾ ಎದುರಿಗೇ ಇದ್ದಳು.
‘ಗೇಲಾ ಕಾ?’
ಹೋಯಿತು ಅಂದೆ.
ಅವಳು ನನ್ನ ಜಡೆ ನೋಡಿದಳು.
ಇಪ್ಪತ್ತು, ಅಂದಳು, ಕಳೆದ ಗುರುವಾರದ್ದು.