ಏಲಂ ಪುಸ್ತಕದ ಹಿಂದಿನ ಪುಟ

ಧಕ್ಕೆಯಲ್ಲಿ ಮೂವತ್ತೊಂದು ವರ್ಷ ಏಲಂ ಕೂಗಿದ ಗಂಟಲು
ರಾತ್ರಿ ಎರಡಕ್ಕೆ, ಚಾದರದ ಅಂಚು ತಾಗಿದ್ದಕ್ಕೆ,
ನಾಯಿಮರಿಯ ಹಾಗೆ ಕುಂಯ್‌ಗುಟ್ಟಿತು.
ಎಡಗಾಲ ಹೆಬ್ಬೆರಳು
ಬೆಂದ ಸಿಗಡಿಯಂತೆ ಕೆಂಪಗೆ ಹೊಳೆಯುತ್ತ
ನನ್ನದಲ್ಲವೆಂಬಂತೆ ಬಿದ್ದಿತ್ತು.

ಬೆಳಗಾಗುವಾಗ ಬೋಳೂರಿಗೆಲ್ಲ ಗೊತ್ತು.
ವಾರಿಜ ಅಮೃತಬಳ್ಳಿ ಜಜ್ಜಿ ಕಷಾಯವಿಟ್ಟಳು,
ಆ ದಿನವಿಡೀ ನಾಲಗೆಗೆ ಉಪ್ಪಿನ ಗುರುತೂ ಸಿಗಲಿಲ್ಲ.
ಅತ್ತಿಗೆ ನೆಕ್ಕಿಸೊಪ್ಪಿನ ಶಾಖ ತಂದಳು,
ಬೈದು ಓಡಿಸಿದೆ.
ಲಿಲ್ಲಿಬಾಯಿ ಪುನರ್ಪುಳಿ ಸಾರು, ಜತೆಗೊಂದು ಪ್ರಾರ್ಥನೆ.
ಬಂದರಿನ ಮೋನಬ್ಬ ಹಕೀಮರು ಮಾತ್ರ
ಕಾಲು ನೋಡಿ, ಹೊಟ್ಟೆ ನೋಡಿ,
ಒಣಗಿದ ಗಡ್ಡೆಯೊಂದನ್ನು ಅಂಗೈಯಲ್ಲಿಟ್ಟು ತೋರಿಸಿ
“ಸುರಂಜಾನ್. ತಿಂದರೆ ನೋವು ಹೋಗ್ತದೆ,
ಚೂರು ಹೆಚ್ಚಾದರೆ ನೀವೂ” ಅಂದು
ಡಬ್ಬಿಗೆ ವಾಪಸು ಹಾಕಿದರು.

ಏಳನೆಯ ದಿನ ನೋವು ಇಳಿಯಿತು.
ಅವತ್ತು ಕುಡಿದದ್ದು ಹುರುಳಿಯ ನೀರು.
ಧಕ್ಕೆಯಿಡೀ ಹುರುಳಿಯನ್ನು ಹೊಗಳಿದೆ.
ಚಾದಂಗಡಿಯ ಸಂಜೀವ ತನ್ನ ಮಾವನಿಗೂ ಕುಡಿಸಿದ.

ಮತ್ತೆ ಬಂತು, ಬೂತಾಯಿ ರಾಶಿ ಬಿದ್ದ ತಿಂಗಳಲ್ಲಿ.
ಈ ಸಲ ಏಲಂ ಪುಸ್ತಕ ತಿರುಗಿಸಿ ಹಿಂದಿನಿಂದ ಬರೆದೆ:
ತಾರೀಕು, ಬೆರಳು, ಕುಡಿದದ್ದು, ಇಳಿದದ್ದು.
ಮೂರನೆಯ ಸಲ ಹಟಕ್ಕೆ ಏನನ್ನೂ ಕುಡಿಯಲಿಲ್ಲ,
ಗೋಡೆಯ ಕಡೆ ತಿರುಗಿ ಹಲ್ಲು ಕಚ್ಚಿದೆ.
ಎಂಟನೆಯ ದಿನ ಚಪ್ಪಲಿ ಹಾಕಿದೆ.

ಕೊನೆಗೆ ಕೂಗಿದವನಿಗೆ ಮೀನು,
ಅದು ಏಲಮ್ಮಿನ ಕಾನೂನು.
ಮದ್ದಿಗೂ ನಾನು ಅದನ್ನೇ ಹಾಕಿದ್ದೆನಲ್ಲ, ಮಾರಾಯ!

ಡಾಕ್ಟರ್ ಶರ್ಲಿ ಪುಸ್ತಕ ಓದಿ ನಗಲಿಲ್ಲ.
ರಕ್ತದ ಚೀಟಿಯಲ್ಲಿ ಎಂಟು ಪಾಯಿಂಟ್ ಒಂಬತ್ತು.
ಅಮೃತಬಳ್ಳಿ? “ನೋಡಿದ್ದಾರೆ, ಕೆಲವರ ಮೇಲೆ, ಕೆಲವು ವಾರ.
ಹೌದು ಅನ್ನಲು ಅಷ್ಟು ಸಾಲದು.
ಕೆಲವರ ಲಿವರ್ ಕೆಟ್ಟದ್ದೂ ಉಂಟು. ಕುಡಿದರೆ ಹೇಳಿ, ಕದ್ದು ಕುಡಿಯಬೇಡಿ.”
ಮತ್ತೊಂದು ಪುಟ್ಟ ಮಾತ್ರೆ ಕೊಟ್ಟರು,
ಅದರ ಮೂಲವೂ ಒಂದು ಗಡ್ಡೆಯಂತೆ, ಸುರಂಜಾನಿನ ಬಳಗ.

ಮೋನಬ್ಬರಿಗೆ ಹೇಳಿದೆ. ಗಡ್ಡ ನೀವಿಕೊಂಡು
“ಗಡ್ಡೆ ನಮ್ಮಲ್ಲೂ ಇತ್ತು,
ತಕ್ಕಡಿ ಅವರಲ್ಲಿ” ಅಂದರು,
ಬೇಸರವೋ ಸಮಾಧಾನವೋ ತಿಳಿಯಲಿಲ್ಲ.

ವಾರಿಜ ಬಳ್ಳಿಯನ್ನು ಕಡಿಯಲಿಲ್ಲ.
ಕಾಂಪೌಂಡಿನ ಮೇಲೆ ಅದು ತನ್ನ ಪಾಡಿಗೆ ಹಬ್ಬಿದೆ.

ಈಗ ಪುಸ್ತಕದಲ್ಲಿ ಹೊಸ ಕಾಲಮ್ಮು,
ಡಾಕ್ಟರ ಅಪ್ಪಣೆ: ತಿಂದದ್ದು.
ನಿನ್ನೆ ರಾತ್ರಿ ಬರೆದೆ:
ಬೂತಾಯಿ, ಎರಡು.

ನಾಲ್ಕು.